ಮದಗದ ಕೆರೆಯ ಹಾಡು, ಮನೆಯ ಜಪ

ಎಮ್ಮೆದೊಡ್ಡಿ ಎಂದೊಡನೆ ಕಡೂರು, ತರೀಕೆರೆ, ಅಜ್ಜಂಪುರದ ಕಡೆಯವರಿಗೆ ನೆನಪಾಗುವುದು ಮದಗದ ಕೆರೆ. ಬಾಬಾಬುಡನ್‌ಗಿರಿಯ ಕಡೆಯಿಂದ ಇಳಿದು ಬರುವ ನೀರು ತುಂಬಿ ನಿಲ್ಲುವ ಈ ಕೆರೆಯನ್ನು ಕಣ್ಣಾರೆ ಕಂಡವರು ಕಡಿಮೆ, ಆದರೆ ಅದಕ್ಕೆ ಮಳೆ ಬಂದ ಹಾಡನ್ನು ಕೇಳದ ಕನ್ನಡಿಗರು ಇನ್ನೂ ಕಡಿಮೆ. ಆ ಹಾಡು ಕಟ್ಟಿದವರ ಹೆಸರು ಉಳಿದಿಲ್ಲ. ಜಾನಪದ ಸಂಗ್ರಾಹಕರು ಅದನ್ನು ಬರೆದುಕೊಂಡದ್ದು, ಅಚ್ಚಿಗೆ ಹಾಕಿಸಿದ್ದು, ಆಕಾಶವಾಣಿಯವರು ಹಾಡಿಸಿದ್ದು ಎಲ್ಲ ಆಮೇಲಿನ ಮಾತು. ಅದಕ್ಕೂ ಮೊದಲು ಗದ್ದೆಯಲ್ಲಿ, ಬೀಸುವ ಕಲ್ಲಿನ ಮುಂದೆ, ತೊಟ್ಟಿಲ ಪಕ್ಕದಲ್ಲಿ ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ಅದು ಎಷ್ಟು ತಲೆಮಾರು ದಾಟಿತೋ ಲೆಕ್ಕವಿಟ್ಟವರಿಲ್ಲ. ಕ್ರೈಸ್ತ ಮಿಶನ್ನುಗಳ ಚರಿತ್ರೆಯಲ್ಲಿ ಎಮ್ಮೆದೊಡ್ಡಿಯ ಹೆಸರು ಗುಬ್ಬಿ, ತುಮಕೂರು, ಹಾಸನಗಳಂತೆ ದೊಡ್ಡ ಠಾಣ್ಯವಾಗಿ ಬರುವುದಿಲ್ಲ. ಆದರೂ ಕನ್ನಡ ನಾಡಿನಲ್ಲಿ ಕ್ರೈಸ್ತ ವಿಶ್ವಾಸ ಅಜ್ಜಿಯಿಂದ ಮೊಮ್ಮಗುವಿಗೆ ಹೇಗೆ ದಾಟಿತು ಎಂದು ಕೇಳುವವರು ಇಲ್ಲಿಂದಲೇ ಹೊರಡುವುದು ಒಳ್ಳೆಯದು. ಅದು ದಾಟಿದ್ದು ಈ ಹಾಡು ದಾಟಿದ ದಾರಿಯಲ್ಲಿಯೇ, ಹೆಚ್ಚಾಗಿ ಕಿವಿಯ ಮೂಲಕ, ಮನೆಯೊಳಗೆ, ಹಿರಿಯರೂ ಕಿರಿಯರೂ ಒಟ್ಟಿಗೆ ಕೂತು ದೇವರಿಗೆ ಕಿವಿಗೊಟ್ಟ ಹೊತ್ತಿನಲ್ಲಿ. ಚರ್ಚು, ಶಾಲೆ, ಮುದ್ರಣಾಲಯ, ಹೆಂಚಿನ ಕಾರ್ಖಾನೆಗಳು ಅದಕ್ಕೆ ಆಸರೆ ಕೊಟ್ಟವು. ಹೊತ್ತು ನಡೆದದ್ದು ಅವಲ್ಲ.

ನಾವು ಓದುತ್ತಾ ಬಂದಿರುವ ಚರಿತ್ರೆ ಇದಕ್ಕೆ ತಿರುವುಮುರುವಾಗಿದೆ. ಮಿಶನ್ನುಗಳು ವರ್ಷಕ್ಕೊಮ್ಮೆ ತಮ್ಮ ದೇಶಗಳಿಗೆ ವರದಿ ಕಳಿಸುತ್ತಿದ್ದವು. ಎಷ್ಟು ಜನಕ್ಕೆ ಸ್ನಾನದೀಕ್ಷೆಯಾಯಿತು, ಎಷ್ಟು ಶಾಲೆ ತೆರೆದವು, ಎಷ್ಟು ಪ್ರತಿ ಅಚ್ಚಾದವು ಎಂಬುದೆಲ್ಲ ಅವುಗಳಲ್ಲಿ ಸಿಗುತ್ತದೆ. ಸಂಜೆ ದೀಪ ಹಚ್ಚಿದ ಮೇಲೆ ಮನೆಯವರೆಲ್ಲ ಮೊಣಕಾಲೂರಿ ಹೇಳಿದ ಜಪಸರಕ್ಕೆ ಯಾರೂ ವರದಿ ಬರೆಯಲಿಲ್ಲ. ಕಾಗದ ಉಳಿದಲ್ಲಿ ಚರಿತ್ರೆ ಉಳಿಯಿತು. ಕಾಗದವಿಲ್ಲದ್ದನ್ನು ಅಳೆಯುವ ದಾರಿ ಒಂದೇ: ಪಾದ್ರಿ, ಶಾಲೆ, ಹಣ ಇವು ನಿಂತುಹೋದ ಕಾಲಗಳನ್ನು ಹುಡುಕಿ, ಆಗ ಏನು ಉಳಿಯಿತೆಂದು ನೋಡುವುದು. ಕೆರೆಯ ಒರತೆ ಗೊತ್ತಾಗುವುದು ನೀರು ಇಳಿದಾಗ. ಕನ್ನಡ ನಾಡಿನ ಕ್ರೈಸ್ತರಿಗೆ ಅಂಥ ಬರಗಾಲಗಳು ಕಡೆಯ ಪಕ್ಷ ಮೂರು ಬಂದಿವೆ.

ಮೊದಲನೆಯದು ಮೈಸೂರು ಸೀಮೆಯ ಕನ್ನಡ ಕಥೋಲಿಕರದು. 1640ರ ದಶಕದ ಕೊನೆಯಲ್ಲಿ, ಕಂಠೀರವ ನರಸರಾಜ ಒಡೆಯರ ಕಾಲಕ್ಕೆ, ಇಟಲಿಯ ಯೇಸುಸಭೆಯ ಲಿಯೊನಾರ್ಡೊ ಚಿನ್ನಾಮಿ ಶ್ರೀರಂಗಪಟ್ಟಣಕ್ಕೆ ಬಂದರು. ಕಾವಿ ಉಟ್ಟು ಸಂನ್ಯಾಸಿಯಂತೆ ಬದುಕಿದರು, ಕನ್ನಡ ಕಲಿತರು, ಕನ್ನಡದಲ್ಲಿಯೇ ಜ್ಞಾನೋಪದೇಶವನ್ನೂ ಸಂತರ ಕತೆಗಳನ್ನೂ ಬರೆದರು, ವ್ಯಾಕರಣಕ್ಕೂ ಕೈಹಾಕಿದರು. ಇಲ್ಲಿ ಗಮನಿಸಬೇಕಾದ ಒಂದು ವರ್ಷವಿದೆ. ಕನ್ನಡದ ಅಚ್ಚುಮೊಳೆಗಳಲ್ಲಿ ಮೊದಲು ಹೊರಬಂದ ಪುಸ್ತಕ ವಿಲಿಯಂ ಕೇರಿಯವರ ವ್ಯಾಕರಣ, ಅದು ಸೆರಾಂಪುರದಲ್ಲಿ ಅಚ್ಚಾದದ್ದು 1817ರಲ್ಲಿ. ಚಿನ್ನಾಮಿಯವರ ಕಾಲದಿಂದ ಅಲ್ಲಿಯವರೆಗೆ ಸುಮಾರು 170 ವರ್ಷ ಕನ್ನಡ ಕ್ರೈಸ್ತರ ಕೈಯಲ್ಲಿ ಕನ್ನಡದ ಅಚ್ಚಿನ ಪುಸ್ತಕವಿರಲಿಲ್ಲ. ಇದ್ದ ಕೆಲವು ಕೈಬರಹಗಳು ಪಾದ್ರಿಗಳ, ಉಪದೇಶಿಗಳ ಬಳಿ ಇದ್ದವು. ಗುಡಿಯ ಪೂಜೆ ಲ್ಯಾಟಿನ್‌ನಲ್ಲಿ. ಒಕ್ಕಲು ಮಕ್ಕಳಿಗೆ ಅರ್ಥವಾಗುವ ಹಾಗೆ ಕಿವಿಗೆ ಬಿದ್ದದ್ದು ಮನೆಯ ಜಪ, ಉಪದೇಶಿ ಹೇಳಿಕೊಟ್ಟ ಪ್ರಶ್ನೋತ್ತರ, ತಪಸ್ಸುಕಾಲದ ಹಾಡು. 1773ರಲ್ಲಿ ಪೋಪರು ಯೇಸುಸಭೆಯನ್ನೇ ವಿಸರ್ಜಿಸಿದರು. ಮೈಸೂರು ಸೀಮೆಯಲ್ಲಿ ಪಾದ್ರಿಗಳು ಬೆರಳೆಣಿಕೆಗೆ ಇಳಿದರು, ಮುಂದೆ ಟಿಪ್ಪುವಿನ ಕಾಲದಲ್ಲಿ ಅವರೂ ಇಲ್ಲವಾದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ ಅಲ್ಲಿಗೆ ಬಂದದ್ದು ಚದುರಿದ ಕ್ರೈಸ್ತರನ್ನು ಮತ್ತೆ ಕೂಡಿಸಲು. ಕೂಡಿಸಲು ಜನ ಸಿಕ್ಕರೆಂಬುದೇ ನನ್ನ ಸಾಕ್ಷ್ಯ. ಹೊಸಬರನ್ನು ಈ ನಾಡಿನಲ್ಲಿ ಕ್ರೈಸ್ತರನ್ನಾಗಿಸುವುದು ಆಗದ ಮಾತೆಂದು 1823ರಲ್ಲಿ ಬರೆದು ಹಿಂತಿರುಗಿದ ದುಬ್ವಾ, ಹಳಬರ ನಡುವೆ ಎರಡು ದಶಕಕ್ಕೂ ಹೆಚ್ಚು ಕಾಲ ದುಡಿದಿದ್ದರು. ಅವರ ನಿರಾಶೆಗಿಂತ ಆ ದುಡಿಮೆ ನನಗೆ ಹೆಚ್ಚು ಹೇಳುತ್ತದೆ. ಗುರುವಿಲ್ಲದ ವರ್ಷಗಳಲ್ಲಿ ಆ ಮನೆಗಳಲ್ಲಿ ಯಾರೋ ಮಕ್ಕಳಿಗೆ ಕಲಿಸುತ್ತಲೇ ಇದ್ದಿರಬೇಕು, ಇಲ್ಲವಾದರೆ ಅವರಿಗೆ ಮರಳಿ ಬರಬೇಕೆಂಬ ನೆನಪೇ ಇರುತ್ತಿರಲಿಲ್ಲ.

ಎರಡನೆಯ ಬರಗಾಲ ಇದಕ್ಕಿಂತ ಹೆಚ್ಚು ಪರಿಚಿತ. 1784ರಲ್ಲಿ ಟಿಪ್ಪು ಸುಲ್ತಾನ್ ಕೆನರಾ ಸೀಮೆಯ ಕೊಂಕಣಿ ಕಥೋಲಿಕರನ್ನು ಸೆರೆಹಿಡಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಕರೆತಂದನು. ಅರವತ್ತು ಸಾವಿರವೆನ್ನುವವರಿದ್ದಾರೆ, ಅದರ ಅರ್ಧವೆನ್ನುವವರಿದ್ದಾರೆ. ಲೆಕ್ಕದ ಜಗಳ ಇಲ್ಲಿ ಬೇಡ. ಇಗರ್ಜಿಗಳನ್ನು ಕೆಡವಲಾಯಿತು, ಪಾದ್ರಿಗಳನ್ನು ಹೊರಗಟ್ಟಲಾಯಿತು, ಆಸ್ತಿ ಹೋಯಿತು. 1799ರವರೆಗಿನ ಆ ಹದಿನೈದು ವರ್ಷವೆಂದರೆ ಸೆರೆಗೆ ಹೋಗುವಾಗ ತೊಟ್ಟಿಲಲ್ಲಿದ್ದ ಮಗು ಹರೆಯಕ್ಕೆ ಬರುವ ಕಾಲ. ಎಷ್ಟೋ ಜನ ದಾರಿಯಲ್ಲಿ, ಸೆರೆಯಲ್ಲಿ ಸತ್ತರು. ಎಷ್ಟೋ ಜನ ಮರಳಲೇ ಇಲ್ಲ. ಮರಳಿದವರು ಇಗರ್ಜಿಗಳನ್ನು ಮತ್ತೆ ಕಟ್ಟಿದರು. ಈ ಜನರ ಕಿವಿಯಲ್ಲಿದ್ದ ಕೃತಿ ಯಾವುದೆಂದು ಕೇಳಿದರೆ ಉತ್ತರ ಸಿಗುತ್ತದೆ: ಇಂಗ್ಲೆಂಡಿನಿಂದ ಗೋವೆಗೆ ಬಂದ ಥಾಮಸ್ ಸ್ಟೀಫನ್ಸ್ ಮರಾಠಿ ಓವಿಯಲ್ಲಿ ರಚಿಸಿದ 'ಕ್ರಿಸ್ತಪುರಾಣ'. ಹತ್ತು ಸಾವಿರಕ್ಕೂ ಮಿಕ್ಕ ಓವಿಗಳ ಈ ಕಾವ್ಯ 1616ರಲ್ಲಿ ಅಚ್ಚಾಯಿತು, ಆ ಶತಮಾನದಲ್ಲಿಯೇ ಇನ್ನೆರಡು ಸಲ ಅಚ್ಚಾಯಿತು. ಆ ಮೂರು ಮುದ್ರಣಗಳ ಒಂದು ಪ್ರತಿಯೂ ಇಂದು ಸಿಕ್ಕಿಲ್ಲ. 1907ರಲ್ಲಿ ಮಂಗಳೂರಿನ ಜೋಸೆಫ್ ಸಲ್ಡಾನ ಅದನ್ನು ಮತ್ತೆ ಅಚ್ಚಿಗೆ ತಂದದ್ದು ಕೈಬರಹದ ಪ್ರತಿಗಳಿಂದ. ಅಚ್ಚಾದದ್ದು ಅಳಿದು, ಕೈಯಲ್ಲಿ ಬರೆದುಕೊಂಡು ಬಾಯಲ್ಲಿ ಹಾಡಿಕೊಂಡದ್ದು ಉಳಿದ ಈ ಸಂಗತಿಯನ್ನು ನಾವು ಸರಿಯಾಗಿ ತೂಗಿ ನೋಡಿಲ್ಲ. ಒಂದು ಪುಸ್ತಕವನ್ನು ಮುನ್ನೂರು ವರ್ಷ ಕೈಯಿಂದ ಕೈಗೆ ನಕಲು ಮಾಡಿಕೊಂಡು ಬಂದರೆಂದರೆ, ಅದು ಹಾಡಲು ಬೇಕಾಗಿತ್ತು ಎಂದರ್ಥ. ಹಾಡುವ ನಾಲಿಗೆಯೂ ಕೇಳುವ ಕಿವಿಯೂ ಇಲ್ಲದ ಕಡೆ ನಕಲು ಮಾಡುವ ಕಷ್ಟ ಯಾರೂ ಪಡುವುದಿಲ್ಲ.

ಇಲ್ಲಿ ಒಂದು ಬಲವಾದ ಆಕ್ಷೇಪ ಏಳುತ್ತದೆ. ಇದು ಕಥೋಲಿಕರ ಮಾತಾಯಿತು, ಪ್ರೊಟೆಸ್ಟೆಂಟರು ಬಂದದ್ದೇ ಪುಸ್ತಕ ಹಿಡಿದುಕೊಂಡಲ್ಲವೆ? ಸತ್ಯವೇದವನ್ನು ತಾನೇ ಓದಿ ತಿಳಿಯಬೇಕೆಂಬುದು ಅವರ ಮೂಲಮಂತ್ರ. ಹೌದು. 1810ರಿಂದ ಬಳ್ಳಾರಿಯಲ್ಲಿದ್ದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಅವರ ಶ್ರಮದಿಂದ 1830ರ ದಶಕದ ಆರಂಭಕ್ಕೆ ಇಡೀ ಬೈಬಲ್ ಕನ್ನಡಕ್ಕೆ ಬಂತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಅಚ್ಚುಕೂಟ ತೆರೆಯಿತು, ಹೆರ್ಮನ್ ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದರು, ಕಿಟ್ಟೆಲ್ 1894ರಲ್ಲಿ ಎಪ್ಪತ್ತು ಸಾವಿರ ಪದಗಳ ನಿಘಂಟು ಕೊಟ್ಟರು. ಕನ್ನಡಕ್ಕೆ ಇದರಿಂದ ಆದ ಉಪಕಾರವನ್ನು ಅಳೆಯಲಾಗದು. ಆದರೆ ಆ ಪುಸ್ತಕ ಓದುವವರು ಯಾರಿದ್ದರು? 1901ರ ಜನಗಣತಿಯ ಹೊತ್ತಿಗೂ ಮೈಸೂರು ಸಂಸ್ಥಾನದಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಐವರ ಆಸುಪಾಸು. ಹಳ್ಳಿಯ ಸಭೆಯಲ್ಲಿ ಒಬ್ಬ ಉಪದೇಶಕ ಓದುತ್ತಿದ್ದ, ಉಳಿದವರು ಕೇಳುತ್ತಿದ್ದರು. ಬೈಬಲ್ ಸ್ತ್ರೀಯರು ಮನೆಮನೆಗೆ ಹೋಗಿ ಅಡುಗೆಮನೆಯ ಬಾಗಿಲಲ್ಲಿ ಕೂತು ಓದಿ ಹೇಳುತ್ತಿದ್ದರು. ಭಾನುವಾರದ ಶಾಲೆಯ ಮಕ್ಕಳು ವಾರಕ್ಕೊಂದು ವಚನ ಬಾಯಿಪಾಠ ಒಪ್ಪಿಸುತ್ತಿದ್ದರು. ಪುಸ್ತಕವೂ ಇಲ್ಲಿ ಕಿವಿಯ ದಾರಿಯಲ್ಲೇ ನಡೆಯಿತು, ನಮ್ಮ ಹಳ್ಳಿಗಳಲ್ಲಿ ಕುಮಾರವ್ಯಾಸನ ಭಾರತ ಗಮಕಿಯ ಕಂಠದಲ್ಲಿ ನಡೆದ ಹಾಗೆ. ಕೇಳಿದ್ದಕ್ಕೆ ಶ್ರುತಿ ಎಂದು ಗೌರವದ ಹೆಸರಿಟ್ಟ ನಾಡು ಇದು. ಆಡಿದ್ದಕ್ಕೆ ವಚನವೆಂದು ಕರೆದು ಅದನ್ನೇ ಧರ್ಮದ ಆಧಾರ ಮಾಡಿಕೊಂಡ ಶರಣರ ನಾಡು. ಕ್ರೈಸ್ತರ ಗ್ರಂಥವೂ ಈ ಸ್ವಭಾವಕ್ಕೆ ಹೊರಗಿನದಲ್ಲ. ರೋಮಾಪುರದವರಿಗೆ ಬರೆದ ಪತ್ರದಲ್ಲಿ ಪೌಲನು ವಿಶ್ವಾಸ ಹುಟ್ಟುವುದು ಕೇಳುವುದರಿಂದ ಎಂದು ಸ್ಪಷ್ಟವಾಗಿ ಹೇಳುತ್ತಾನೆ, ಧರ್ಮೋಪದೇಶಕಾಂಡದ ಬಹು ಮುಖ್ಯ ಆಜ್ಞೆ ತೊಡಗುವುದೇ ಕೇಳು ಎಂಬ ಕರೆಯಿಂದ.

ಬಾಸೆಲ್ ಮಿಶನ್ನಿನವರಲ್ಲಿ ಸೂಕ್ಷ್ಮಮತಿಗಳಿಗೆ ಇದು ತಿಳಿದಿತ್ತು. ಮೋಗ್ಲಿಂಗ್ 'ಬಿಬ್ಲಿಯೋಥಿಕಾ ಕರ್ನಾಟಿಕಾ' ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣಗಳ ಜೊತೆಗೆ 1850ರಲ್ಲಿ ಹರಿದಾಸರ ಹಾಡುಗಳನ್ನೂ ಅಚ್ಚು ಹಾಕಿಸಿದರು. ಬೇರೆ ಧರ್ಮದ ಹಾಡಿಗೆ ಹೀಗೆ ಕಿವಿಗೊಟ್ಟದ್ದು ಪಾಂಡಿತ್ಯದ ಹವ್ಯಾಸ ಮಾತ್ರವಲ್ಲ. ಈ ಜನಕ್ಕೆ ದೇವರ ಮಾತು ಯಾವ ದನಿಯಲ್ಲಿ ಹೃದಯಕ್ಕೆ ಹೋಗುತ್ತದೆಂದು ಕಲಿಯುವ ಬಗೆ ಅದು. ಕಿಟ್ಟೆಲ್ 1862ರಲ್ಲಿ ಕ್ರಿಸ್ತನ ಜೀವನವನ್ನು ನಮ್ಮ ಛಂದಸ್ಸಿನಲ್ಲಿ 'ಕಥಾಮಾಲೆ' ಎಂದು ಕಟ್ಟಿದರು, ಮುಂದೆ ನಾಗವರ್ಮನ 'ಛಂದೋಂಬುಧಿ'ಯನ್ನು ಸಂಪಾದಿಸಿದರು. ಆದರೆ ಸಭೆಗಳಲ್ಲಿ ಮೇಲುಗೈ ಪಡೆದದ್ದು ಜರ್ಮನ್ ರಾಗಕ್ಕೆ ಕನ್ನಡ ಮಾತು ಕೂಡಿಸಿದ ಗೀತೆಗಳು. ಕನ್ನಡದ ಮಾತ್ರೆ ಆ ರಾಗಗಳಲ್ಲಿ ಕುಂಟಿದ ಕಡೆಗಳಿವೆ. ಕಿಟ್ಟೆಲ್‌ರ ದಾರಿ ಹೆಚ್ಚು ನಡೆಯದೆ ಹೋದದ್ದು ದೊಡ್ಡ ನಷ್ಟವೆಂದೇ ನಾನು ಭಾವಿಸುತ್ತೇನೆ. ಅದೇ ಹೊತ್ತಿಗೆ, ಪರರಾಗದ ಆ ಗೀತೆಗಳು ಕರಾವಳಿಯ, ಧಾರವಾಡದ ಕ್ರೈಸ್ತ ಮನೆಗಳಲ್ಲಿ ನಾಲ್ಕೈದು ತಲೆಮಾರು ಹಾಡಿ ಹಾಡಿ ಮನೆಯ ಹಾಡೇ ಆಗಿಹೋದದ್ದನ್ನೂ ಒಪ್ಪಬೇಕು. ಮನೆಯಲ್ಲಿ ಅಮ್ಮ ಹಾಡಿದ್ದು ಮಗುವಿಗೆ ಪರರಾಗವಾಗಿ ಕೇಳಿಸುವುದಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಕಟುವಾದದ್ದು, ಈಗಲೂ ಬೀದಿಯಲ್ಲಿ ಕೇಳಿಬರುವಂಥದ್ದು: ವಿಶ್ವಾಸ ದಾಟಿದ್ದು ಕಿವಿಯಿಂದಲ್ಲ, ಹೊಟ್ಟೆಯಿಂದ, ಅನ್ನ, ನೆಲ, ಕೆಲಸ ಕೊಟ್ಟು ಉಳಿಸಿಕೊಂಡರು ಎಂಬುದು. ಇದನ್ನು ಕೋಪದಿಂದ ತಳ್ಳಿಹಾಕುವುದು ಸುಲಭ, ಪ್ರಾಮಾಣಿಕವಲ್ಲ. 1876–78ರ ಬರದಲ್ಲಿ ಮೈಸೂರು ಸಂಸ್ಥಾನ ತತ್ತರಿಸಿತು. 1871ರಲ್ಲಿ ಐವತ್ತು ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ ನಲವತ್ತೆರಡು ಲಕ್ಷಕ್ಕಿಂತ ಕೆಳಗಿಳಿಯಿತು. ಆಗ ವೆಸ್ಲಿಯನ್ ಮಿಶನ್ ತುಮಕೂರು, ಹಾಸನಗಳಲ್ಲಿ ಅನಾಥಾಲಯ ತೆರೆಯಿತು, ಅಲ್ಲಿ ಬೆಳೆದ ಮಕ್ಕಳಲ್ಲಿ ಅನೇಕರು ಕ್ರೈಸ್ತರಾದರು. 1850ರ ದಶಕದಲ್ಲಿ ಮೋಗ್ಲಿಂಗ್ ಕೊಡಗಿನಲ್ಲಿ ಜೀತದಲ್ಲಿದ್ದ ದಲಿತ ಕುಟುಂಬಗಳಿಗಾಗಿ ಆನಂದಪುರವನ್ನು ಕಟ್ಟಿದರು. ಮಂಗಳೂರಿನಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆ ಶುರುವಾಯಿತು, ಜಾತಿ ಬಿಟ್ಟು ಬಂದು ಕುಲಕಸುಬೂ ನೆಲವೂ ಕಳೆದುಕೊಂಡವರಿಗೆ ಅದು ಅನ್ನವಾಯಿತು. ಅನ್ನ ಕೊಟ್ಟದ್ದನ್ನು ಮುಚ್ಚಿಡಬೇಕಾದ ಕಾರಣ ನನಗೆ ಕಾಣುವುದಿಲ್ಲ; ಹಸಿದವರಿಗೆ ಅನ್ನ ಕೊಡದೆ ದೇವರ ಮಾತು ಹೇಳುವುದೇ ಹೆಚ್ಚು ನಾಚಿಕೆಯ ಸಂಗತಿ. ಆದರೆ ಆಕ್ಷೇಪ ನಿಲ್ಲಬೇಕಾದರೆ ಅನ್ನ ನಿಂತ ದಿನ ವಿಶ್ವಾಸವೂ ನಿಲ್ಲಬೇಕಿತ್ತು. ಆ ದಿನ ಬಂದೇ ಬಂತು. ಅದೇ ಮೂರನೆಯ ಬರಗಾಲ. 1914ರಲ್ಲಿ ಯುದ್ಧ ಶುರುವಾದಾಗ ಬಾಸೆಲ್ ಮಿಶನ್ನಿನ ಜರ್ಮನರು ಬ್ರಿಟಿಷರಿಗೆ ಶತ್ರುಗಳಾದರು. ಅವರನ್ನು ಬಂಧನದಲ್ಲಿಟ್ಟು, ಆಮೇಲೆ ಊರಿಗೆ ಕಳಿಸಲಾಯಿತು. ಕಾರ್ಖಾನೆಗಳು ಮಿಶನ್ನಿನ ಕೈತಪ್ಪಿ 1919ರಲ್ಲಿ ಬೇರೆ ಕಂಪನಿಯ ಪಾಲಾದವು. ದೇಶೀ ಬೋಧಕರು, ಉಪದೇಶಕರು, ಮನೆಯ ಹಿರಿಯರು ಉಳಿದರು. ಸಭೆಗಳೂ ಉಳಿದವು, 1947ರಲ್ಲಿ ದಕ್ಷಿಣ ಭಾರತ ಸಭೆ ರೂಪುಗೊಂಡಾಗ ಮೈಸೂರು ಸೀಮೆಯ ವೆಸ್ಲಿಯನ್ ಸಭೆಗಳಂಥವು ಅದರಲ್ಲಿ ಸೇರುವಷ್ಟು ಸ್ವಂತ ಕಾಲ ಮೇಲೆ ನಿಂತಿದ್ದವು. ಮೊದಲ ತಲೆಮಾರಿನವರು ಬಂದ ಕಾರಣವನ್ನು ಬರ, ಜೀತ, ಕೆಲಸಗಳಿಂದ ಭಾಗಶಃ ವಿವರಿಸಬಹುದು. ಮೂರನೆಯ ತಲೆಮಾರಿನವರು ಉಳಿದ ಕಾರಣವನ್ನು ಅವುಗಳಿಂದ ವಿವರಿಸಲಾಗದು. ಅನಾಥಾಲಯದಲ್ಲಿ ಬೆಳೆದ ಹುಡುಗಿಗೆ ತಾಯಿಯ ಲಾಲಿ ಕೇಳುವ ಭಾಗ್ಯ ಇರಲಿಲ್ಲ. ಅಲ್ಲಿ ಕಲಿತ ಗೀತೆಯನ್ನು ಅವಳೇ ತನ್ನ ಮಗುವಿಗೆ ಲಾಲಿಯಾಗಿ ಹಾಡಿದಾಗ, ಸಂಸ್ಥೆಯ ಕೆಲಸ ಮುಗಿದು ಮನೆಯ ಕೆಲಸ ಶುರುವಾಯಿತು.

ಬಾಯಿಪಾಠವನ್ನು ಭಕ್ತಿಯೆನ್ನಬಹುದೆ ಎಂಬ ಪ್ರಶ್ನೆ ಇನ್ನೂ ಉಳಿದಿದೆ. ಅರ್ಥ ತಿಳಿಯದೆ ಗಿಳಿಯಂತೆ ಒಪ್ಪಿಸಿದ್ದರಿಂದ ದೇವರ ಮಾತು ಕೇಳಿದಂತಾಯಿತೆ? ಇದರಲ್ಲಿ ಸತ್ಯವಿದೆ. ಕಿವಿ ಒಳ್ಳೆಯದನ್ನೂ ಕೆಟ್ಟದ್ದನ್ನೂ ಒಂದೇ ಸಮನೆ ಹಾಯಿಸುತ್ತದೆ. ಅದೇ ಮನೆಗಳಲ್ಲಿ ಜಪದ ಜೊತೆಗೆ ಜಾತಿಯೂ ದಾಟಿತು. ದಕ್ಷಿಣದ ಹಲವು ಚರ್ಚುಗಳಲ್ಲಿ ಕೂರುವ ಜಾಗ, ಹೂಳುವ ಜಾಗ ಜಾತಿಯ ಮೇರೆಗೆ ಬೇರೆಯಾಗಿದ್ದದ್ದು ಗುಟ್ಟಿನ ಸಂಗತಿಯಲ್ಲ. ಹಿರಿಯರ ದನಿಯಲ್ಲಿ ಕೇಳಿಸಿದ್ದೆಲ್ಲ ದೇವರ ದನಿಯಾಗಿರಲಿಲ್ಲ. ಇಲ್ಲಿಯೇ ಪುಸ್ತಕಕ್ಕೆ ಅದರ ನಿಜವಾದ ಸ್ಥಾನ. ಕೆರೆಯ ನೀರು ಯಾವ ಗದ್ದೆಗೆ ಎಷ್ಟೆಂದು ನೀರುಗಂಟಿ ತೂಬು ತೆಗೆದು ಹಾಕಿ ನೋಡಿಕೊಳ್ಳುವಂತೆ, ಮನೆಯಲ್ಲಿ ಕೇಳಿಬಂದದ್ದನ್ನು ತಡೆದು ಪ್ರಶ್ನಿಸಲು ಬರೆದ ಮಾತು ಬೇಕು. ಆದರೆ ಕೆರೆಯಲ್ಲಿ ನೀರಿಲ್ಲದಿದ್ದರೆ ತೂಬು ಏನು ಮಾಡೀತು? ಅರ್ಥ ತಿಳಿಯದೆ ಕಲಿತದ್ದು ಅರ್ಥವಿಲ್ಲದೆಯೇ ಉಳಿಯುವುದಿಲ್ಲ. ಏಳನೆಯ ವಯಸ್ಸಿನಲ್ಲಿ ಬಾಯಿಗೆ ಬಂದ ಪ್ರಾರ್ಥನೆ ನಲವತ್ತರಲ್ಲಿ, ಹೆತ್ತವರನ್ನು ಮಣ್ಣಿಗಿಳಿಸಿದ ರಾತ್ರಿ, ಮೊದಲ ಸಲ ಅರ್ಥವಾಗುವುದುಂಟು. ಕನಕಪುರದ ಬಳಿಯ ಹಾರೋಬೆಲೆಯಲ್ಲಿ ಊರವರೇ ಪಾತ್ರ ವಹಿಸಿ ಆಡುವ ಯೇಸುವಿನ ಪಾಡಿನ ನಾಟಕವನ್ನು ನೋಡಬೇಕು. ಕಂಠಪಾಠದ ಮಾತು ಮನುಷ್ಯನ ಮೈಯೊಳಗೆ ಇಳಿದು ಏನಾಗುತ್ತದೆಂಬುದು ಅಲ್ಲಿ ಕಾಣುತ್ತದೆ.

1963ರಲ್ಲಿ ಚಿಕ್ಕಮಗಳೂರು ಧರ್ಮಪ್ರಾಂತ್ಯ ಮೈಸೂರಿನಿಂದ ಬೇರೆಯಾಯಿತು. ಕಡೂರು, ತರೀಕೆರೆಯ ಕಥೋಲಿಕರು ಅದರೊಳಗೆ ಬಂದರು. ಎರಡನೆಯ ವ್ಯಾಟಿಕನ್ ಮಹಾಸಭೆ ನಡೆಯುತ್ತಿದ್ದ ವರ್ಷಗಳವು. ಅದಾದ ಮೇಲೆ ಗುಡಿಯ ಪೂಜೆ ಲ್ಯಾಟಿನ್ ಬಿಟ್ಟು ಕನ್ನಡಕ್ಕೆ ತಿರುಗಿತು. ಮುನ್ನೂರು ವರ್ಷ ಮನೆಯಲ್ಲಿ ಕನ್ನಡದಲ್ಲಿ ಬೇಡಿಕೊಂಡ ಜನಕ್ಕೆ ಪೀಠದಿಂದಲೂ ಕನ್ನಡ ಕೇಳಿಸಿತು. ಈಗ ಚರ್ಚು ಹತ್ತಿರವಿದೆ, ಪಾದ್ರಿಗಳಿದ್ದಾರೆ, ಹೆಚ್ಚಿನವರಿಗೆ ಓದು ಬರುತ್ತದೆ, ಕಿಸೆಯ ಮೊಬೈಲಿನಲ್ಲಿ ಇಡೀ ಸತ್ಯವೇದ ಓದಿ ಹೇಳುವ ದನಿಯೂ ಇದೆ. ಇಲ್ಲವಾಗುತ್ತಿರುವುದು ಸಂಜೆಯ ಆ ಅರ್ಧಗಂಟೆ. ಮಕ್ಕಳು ಇಂಗ್ಲಿಷ್ ಶಾಲೆಗೆ, ಹೆತ್ತವರು ಬೆಂಗಳೂರಿನ ಕೆಲಸಕ್ಕೆ. ಅಜ್ಜಿಯ ಕನ್ನಡ ಜಪ ಊರಲ್ಲಿ ಒಂಟಿಯಾಗಿ ಉಳಿಯಿತು. ಹಿಂದಿನ ಮೂರು ಬರಗಾಲಗಳಲ್ಲಿ ಹೊರಗಿನದೆಲ್ಲ ಹೋಗಿ ಮನೆ ಉಳಿದಿತ್ತು. ಈ ಸಲ ಹೊರಗಿನದೆಲ್ಲ ಇದ್ದು ಮನೆ ಬರಿದಾಗುತ್ತಿದೆ. ಮೊಬೈಲಿನ ದನಿಯೂ ಕಿವಿಗೇ ತಾನೆ ಬೀಳುವುದು ಎನ್ನಬಹುದು. ಬೀಳುತ್ತದೆ, ಮತ್ತು ಒಂಟಿಯಾಗಿರುವವರಿಗೆ, ಕಣ್ಣು ಮಂಜಾದವರಿಗೆ ಅದು ದೊಡ್ಡ ಸಹಾಯ. ಆದರೆ ಮಗುವಿನ ಪ್ರಶ್ನೆಗೆ ಅದು ನಿಂತು ಉತ್ತರಿಸುವುದಿಲ್ಲ. ಯೊರ್ದನ್ ಹೊಳೆ ದಾಟಿದ ಮೇಲೆ ಯೆಹೋಶುವನು ಹನ್ನೆರಡು ಕಲ್ಲು ನಿಲ್ಲಿಸಿದ್ದು, ಮುಂದೆ ಮಕ್ಕಳು ಇವೇನೆಂದು ಕೇಳಲಿ, ಕೇಳಿದಾಗ ಹೆತ್ತವರು ಹೇಳಲಿ ಎಂದು.

ಮನೆಯಲ್ಲಿ ಎಲ್ಲ ಸರಿಯಾಗಿ ನಡೆದರೂ ಮಕ್ಕಳು ಬೇರೆ ದಾರಿ ಹಿಡಿಯುವುದಿಲ್ಲವೆ ಎಂದು ಕೊನೆಗೆ ಕೇಳಬಹುದು. ಹಿಡಿಯುತ್ತಾರೆ. ಶಿಲೋವಿನ ಯಾಜಕ ಏಲಿಯ ಸ್ವಂತ ಮಕ್ಕಳೇ ಕೆಟ್ಟರು. ಅವನ ಕೈಯಲ್ಲಿ ಬೆಳೆದ ಸಮುವೇಲನು ದೊಡ್ಡ ಪ್ರವಾದಿಯಾದರೂ ಅವನ ಮಕ್ಕಳೂ ಲಂಚಕ್ಕೆ ಬಿದ್ದರು. ಇದನ್ನು ಗ್ರಂಥ ಮುಚ್ಚಿಡುವುದಿಲ್ಲ. ವಿಶ್ವಾಸ ಹೊಲಗದ್ದೆಯ ಹಾಗೆ ಪಿತ್ರಾರ್ಜಿತವಾಗಿ ಬರುವುದಿಲ್ಲ, ಪ್ರತಿಯೊಬ್ಬರೂ ತಾವಾಗಿ ಕೇಳಿಸಿಕೊಳ್ಳಬೇಕು. ಹಿರಿಯರಿಗೆ ಸಾಧ್ಯವಿರುವುದು ಏಲಿ ಮಾಡಿದಷ್ಟೆ. ದೇವರು ಹುಡುಗ ಸಮುವೇಲನನ್ನು ಕರೆದ ರಾತ್ರಿ ಕಣ್ಣು ಮಂಜಾಗಿದ್ದ ಆ ಮುದುಕನಿಗೆ ಯಾವ ದನಿಯೂ ಕೇಳಿಸಲಿಲ್ಲ. ಕರೆ ಬಂದದ್ದು ಹುಡುಗನಿಗೆ, ಕರೆದವನು ಯಾರೆಂದು ತಿಳಿದು ಹೇಗೆ ಓಗೊಡಬೇಕೆಂದು ಹೇಳಿಕೊಟ್ಟವನು ಮುದುಕ. ದೇವರ ಕರೆ ಆ ಹುಡುಗನಿಗೆ ಮೊದಲು ಕೇಳಿಸಿದ್ದು ಮನೆಯ ಹಿರಿಯನ ದನಿಯಾಗಿ; ಮೂರು ಸಲವೂ ಅವನು ಎದ್ದು ಕತ್ತಲಲ್ಲಿ ಓಡಿದ್ದು ಏಲಿಯ ಹಾಸಿಗೆಯ ಬಳಿಗೆ.